ಒತ್ತಕ್ಷರದ ವಯಸ್ಸು

ಏಪ್ರಿಲ್ ಎರಡನೆಯ ವಾರ ಬೆಂಗಳೂರಿನಿಂದ ತಂಗಿ ಫೋನ್ ಮಾಡಿದಳು. "ಅಣ್ಣ, ಈ ಸಲ ಮೂವರನ್ನೂ ಶಿವಮೊಗ್ಗಕ್ಕೆ ಕಳಿಸುತ್ತಿದ್ದೇನೆ. ಒಂದು ತಿಂಗಳು. ಮೊಬೈಲ್ ಮಾತ್ರ ಕೊಡಬೇಡ. ಒಳ್ಳೆಯ ಕನ್ನಡ ಪುಸ್ತಕ ಕೊಡು."

ಮೂವರೆಂದರೆ 4 ವರ್ಷದ ಪುಟ್ಟ, 8ರ ಚಿನ್ನಿ, 12ರ ದೊಡ್ಡವನು. ನಾನು 26 ವರ್ಷ ಬ್ಯಾಂಕಿನಲ್ಲಿ ಕುಳಿತು ಚೀಟಿ ಬೇರೆ, ಚೆಕ್ಕು ಬೇರೆ ಎಂದು ವಿಂಗಡಿಸಿ ನಿವೃತ್ತನಾದವನು. ಮಕ್ಕಳನ್ನು ವಿಂಗಡಿಸುವುದು ಏನು ಮಹಾ ಎಂದುಕೊಂಡು ಪೇಟೆಗೆ ಹೊರಟೆ.

ಪುಸ್ತಕದಂಗಡಿಯವರು ಮೊದಲು ಕೇಳಿದ್ದೇ "ಮಗುವಿನ ವಯಸ್ಸೆಷ್ಟು?" ಎಂದು. ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ ಕೇಳಿದರೂ ಇದೇ ಪ್ರಶ್ನೆ. ಅಲ್ಲಿ ಅಳೆದು ಕೊಡಲು ಗೆರೆ ಎಳೆದ ಮುಚ್ಚಳವಾದರೂ ಸಿಗುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು ಈ ವಿಷಯದಲ್ಲಿ ಜಾಣರು. ಅವರ ಪುಸ್ತಕಗಳ ಮೇಲೆ ವಯಸ್ಸಿನ ಬದಲು ಹಂತವಿರುತ್ತದೆ: ಆಗಷ್ಟೇ ಓದಲು ತೊಡಗಿದವರಿಗೆ 1, ಸರಾಗವಾಗಿ ಓದುವವರಿಗೆ 4. ಅದನ್ನು ನೋಡಿಯೂ ನನಗೆ ಬುದ್ಧಿ ಬರಲಿಲ್ಲ. ಡಾಲರನ್ನು ರೂಪಾಯಿಗೆ ಬದಲಿಸಿದ ಹಾಗೆ ಹಂತವನ್ನೆಲ್ಲ ಮನಸ್ಸಿನಲ್ಲೇ ವರ್ಷಕ್ಕೆ ಬದಲಿಸಿಕೊಂಡೆ. ಮನೆಗೆ ಬಂದವನು ತಂದ ಪುಸ್ತಕಗಳ ಜೊತೆ ಅಟ್ಟದ ಮೇಲಿದ್ದ ನನ್ನ ಕಾಲದವನ್ನೂ ಇಳಿಸಿ, ಧೂಳು ಒರೆಸಿ, ಪ್ರತಿಯೊಂದರ ಬೆನ್ನಿಗೆ ಒಂದು ಚೀಟಿ ಅಂಟಿಸಿದೆ. 4–6 ಹಳದಿ, 7–9 ಹಸಿರು, 10–12 ಕೆಂಪು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಉಪ್ಪಿನಕಾಯಿ ಭರಣಿಗೂ ಹೀಗೆ ಅಂಟಿಸಿಕೊಟ್ಟಿದ್ದರೆ ಉಪಕಾರವಾಗುತ್ತಿತ್ತು" ಎಂದು ಒಳಗೆ ಹೋದಳು.

ಪುಟ್ಟನಿಂದ ಶುರು ಮಾಡಿದೆ. ಜಿ. ಪಿ. ರಾಜರತ್ನಂ ಅವರ 'ಬಣ್ಣದ ತಗಡಿನ ತುತ್ತೂರಿ'ಗಿಂತ ನಿರಪಾಯಕಾರಿಯಾದ ಪದ್ಯ ಕನ್ನಡದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ. ತುತ್ತೂರಿ ಕೊಂಡ ಹುಡುಗ ಜಂಬಪಡುತ್ತಾನೆ, ತುತ್ತೂರಿ ಜಾರಿ ನೀರಿಗೆ ಬೀಳುತ್ತದೆ, ಬಣ್ಣ ಹೋಗುತ್ತದೆ, ದನಿಯೂ ಹೋಗುತ್ತದೆ. ಪುಟ್ಟ ಅಭಿನಯಸಹಿತ ಮೂರು ಸಲ ಹೇಳಿಸಿಕೊಂಡ. ಮಧ್ಯಾಹ್ನ ನಾನು ಮಲಗಿ ಏಳುವಷ್ಟರಲ್ಲಿ, ಮನೆಯಲ್ಲಿ ಬಣ್ಣವೂ ದನಿಯೂ ಎರಡೂ ಇದ್ದ ಏಕೈಕ ವಸ್ತುವನ್ನು ಬಚ್ಚಲಿನ ಬಕೆಟ್ಟಿಗೆ ಹಾಕಿ ಪರೀಕ್ಷೆ ಮಾಡುತ್ತಿದ್ದ. "ಮಾವ, ಬಣ್ಣ ಹೋಗಲಿಲ್ಲ" ಎಂದು ವರದಿಯನ್ನೂ ಕೊಟ್ಟ. ದನಿ ಹೋಗಿತ್ತು. ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೂ ಬರಲಿಲ್ಲ. ಮಕ್ಕಳ ಕೈಗೆ ಮೊಬೈಲ್ ಕೊಡಬೇಡ ಎಂದಿದ್ದ ತಂಗಿಯ ಮಾತು ಇಷ್ಟು ಸಂಪೂರ್ಣವಾಗಿ ನೆರವೇರುತ್ತದೆ ಎಂದುಕೊಂಡಿರಲಿಲ್ಲ.

ಚಿನ್ನಿಯ ಹಸಿರು ಚೀಟಿಯಲ್ಲಿ ಮೊದಲು ಇದ್ದದ್ದು ಗೋವಿನ ಹಾಡು. ಅದನ್ನು ಓದುವುದಕ್ಕಿಂತ ಕೇಳುವುದು ಚೆನ್ನ ಎಂದು ಅಮ್ಮನಿಗೆ ಒಪ್ಪಿಸಿದೆ. ಅಮ್ಮ ರಾತ್ರಿ ದೀಪ ಆರಿಸಿ ಹಾಡತೊಡಗಿದಳು. ಪುಣ್ಯಕೋಟಿ ಕರುವನ್ನು ಬಿಟ್ಟು ಹೊರಡುವ ಜಾಗಕ್ಕೆ ಬರುವಷ್ಟರಲ್ಲಿ ಅಮ್ಮನ ಗಂಟಲೇ ಕಟ್ಟಿತು. ನನಗೆ ತಿಳಿದಂತೆ ಕಳೆದ 50 ವರ್ಷಗಳಲ್ಲಿ ಆ ಸಾಲನ್ನು ಅವಳು ಅಳದೆ ದಾಟಿದ್ದಿಲ್ಲ. ಪಕ್ಕದಲ್ಲಿ ನಾನೂ ಕಣ್ಣೊರೆಸಿಕೊಂಡೆ. ಚಿನ್ನಿ ಮಾತ್ರ ಎದ್ದು ಕುಳಿತಳು.

"ಹುಲಿಗೆ ಹಸಿವಾಗಿತ್ತು ತಾನೇ ಅಜ್ಜಿ?"

"ಹೌದು ಕಂದ."

"ಹಸುವಿನ ಹತ್ತಿರ ಹಾಲಿತ್ತು ತಾನೇ?"

"ಇತ್ತು."

"ಮತ್ತೆ, ಒಂದು ಲೋಟ ಕೊಡಬಹುದಾಗಿತ್ತಲ್ಲ?"

ಇಷ್ಟು ತಲೆಮಾರುಗಳಿಂದ ಈ ಹಾಡು ಕೇಳಿ ಅತ್ತವರಲ್ಲಿ ಯಾರಿಗೂ ಇದು ಹೊಳೆದಂತಿಲ್ಲ. ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ ಎಂದು ಗೊತ್ತಾದ ಮೇಲಂತೂ ಅವಳ ದುಃಖ ತಡೆಯಲಾಗಲಿಲ್ಲ. ಹುಲಿಗೆ ಮರಿಗಳಿದ್ದವೇ, ಅವುಗಳನ್ನು ಯಾರು ನೋಡಿಕೊಂಡರು, ಕಾಳಿಂಗನೆಂಬ ಗೊಲ್ಲ ಅಷ್ಟು ಹೊತ್ತು ಎಲ್ಲಿದ್ದ? ಹನ್ನೊಂದೂವರೆಗೆ ಅಮ್ಮ ಹುಲಿಯನ್ನು ಬದುಕಿಸಿ, ಮೊಸರನ್ನ ಉಣ್ಣಿಸಿ, ಕಾಡಿಗೆ ಕಳಿಸಿದಳು. ಆಮೇಲೆ ಎಲ್ಲರೂ ಮಲಗಿದೆವು.

ನಿಜವಾದ ಕಷ್ಟ ದೊಡ್ಡವನದು. ಅವನು ಇಂಗ್ಲಿಷಿನಲ್ಲಿ 700 ಪುಟದ ಮಾಯಾಜಾಲದ ಕಾದಂಬರಿಯನ್ನು ಎರಡು ದಿನದಲ್ಲಿ ಮುಗಿಸುತ್ತಾನೆ. ಕನ್ನಡ ಮಾತೂ ಸೊಗಸು, ಅಜ್ಜಿಯ ಗಾದೆಗಳಿಗೆಲ್ಲ ನಗುತ್ತಾನೆ. ಆದರೆ ಅಚ್ಚಾದ ಕನ್ನಡ ಕಂಡರೆ ಬೆರಳಿಟ್ಟು ಓದುತ್ತಾನೆ. 'ಕ' ಬಂತು, 'ಕಾ' ಬಂತು. 'ರಾಷ್ಟ್ರ' ಬಂದೊಡನೆ ಮೂರಂತಸ್ತಿನ ಮನೆಯ ಮುಂದೆ ಲಿಫ್ಟ್ ಇಲ್ಲದೆ ನಿಂತವನಂತೆ ಮೇಲೆ ಕೆಳಗೆ ನೋಡುತ್ತಾನೆ. ಅಂದರೆ ಅವನ ಕಿವಿಗೆ 12, ಒತ್ತಕ್ಷರಕ್ಕೆ 6, ಆಸಕ್ತಿಗೆ ಏನಿಲ್ಲವೆಂದರೂ 16. ಕೊಲೆ ಇರಬೇಕು, ಒತ್ತಕ್ಷರ ಇರಬಾರದು. 'ಹತ್ಯೆ' ಎಂದು ಬರೆದರೆ ಅಲ್ಲೇ ಒಂದು ಒತ್ತಕ್ಷರ.

ಲೆಕ್ಕ ಹಾಕಿ, ಹಳದಿ ಚೀಟಿಯ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಕೊಟ್ಟೆ. ಲಯವೇ ಎಳೆದುಕೊಂಡು ಹೋಗುತ್ತದೆ ಎಂಬ ಧೈರ್ಯ. ಅವನು ಪುಸ್ತಕ ತೆರೆಯಲಿಲ್ಲ, ಬೆನ್ನು ನೋಡಿದ. "ಮಾವ, ಇಲ್ಲಿ 4–6 ಎಂದಿದೆ" ಎಂದು, ಅಳತೆ ತಪ್ಪಿದ ಅಂಗಿ ಹಿಂತಿರುಗಿಸುವವನಂತೆ ಮೇಜಿನ ಮೇಲಿಟ್ಟು ಹೋದ. ಚೀಟಿಯ ಮಹಿಮೆ ನನಗೆ ಅರ್ಥವಾದದ್ದು ಆಗ. ರಾತ್ರಿ ಹಳದಿ ಕಿತ್ತು, '14 ಮೇಲ್ಪಟ್ಟವರಿಗೆ' ಎಂದು ಹೊಸದೊಂದು ಅಂಟಿಸಿದೆ. ಬೆಳಿಗ್ಗೆ ಪುಸ್ತಕ ಮಾಯವಾಗಿತ್ತು. ಗೆದ್ದೆ ಎಂದುಕೊಂಡೆ. ಸಂಜೆ ಚಿನ್ನಿ ಮಂಚದಡಿಯಿಂದ ಹೊರಬಂದು ಬೇಸರದಿಂದ, "ಮಾವ, ಇದರಲ್ಲಿ ದೊಡ್ಡವರ ವಿಷಯ ಏನೂ ಇಲ್ಲ. ಬರೀ ಇಲಿಗಳು" ಎಂದಳು.

ದೊಡ್ಡವನಿಗೆ ಕಥೆ ಮೊದಲೇ ಗೊತ್ತಿತ್ತು. "ಇದು ಹ್ಯಾಮಲಿನ್ ಊರಿನದು, ಬ್ರೌನಿಂಗ್ ಬರೆದದ್ದು" ಎಂದ. ಹೌದಪ್ಪ, ಆದರೆ ಕುವೆಂಪು ಅದನ್ನು ತುಂಗಾತೀರದ ಬಲಗಡೆಗೆ ತಂದಿಟ್ಟಿದ್ದಾರೆ, ಆ ತುಂಗೆ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಎಂದು ಬಾಯಿಬಿಟ್ಟೆ. ಬಿಡಬಾರದಿತ್ತು. ಮರುದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮೂವರನ್ನೂ ಸೇತುವೆಯ ಮೇಲೆ ನಿಲ್ಲಿಸಿಕೊಂಡು ಬೊಮ್ಮನಹಳ್ಳಿ ಹುಡುಕುತ್ತಿದ್ದೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈ ಕಡೆಯದು ಬಲದಂಡೆ ಎಂದು ವಿವರಿಸಿದೆ. ಬೇಸಿಗೆಯ ತುಂಗೆಗೆ ತಾನು ಯಾವ ಕಡೆ ಹರಿಯುತ್ತಿದ್ದೇನೆಂದು ತನಗೇ ತಿಳಿದಂತಿರಲಿಲ್ಲ. ಕೊನೆಗೆ ನಾಲ್ಕು ಕಬ್ಬಿನ ಹಾಲು ಕುಡಿಸಿ ಕರೆತಂದೆ.

ಇಷ್ಟರ ನಡುವೆ ಚೀಟಿ ಅಂಟಿಸಲು ಮರೆತಿದ್ದ ಪುಸ್ತಕಗಳೇ ಚೆನ್ನಾಗಿ ಓಡುತ್ತಿದ್ದವು. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' 12 ಸಂಪುಟ. ತಿಂಗಳಿಗೊಂದು ಎಂದು ಮಕ್ಕಳೇ ಲೆಕ್ಕ ಹಾಕಿ ತಂತಮ್ಮ ಹುಟ್ಟುಹಬ್ಬದ ಕಥೆ ಹುಡುಕಿಕೊಂಡರು. ಅಜ್ಜಿಯ ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಯುಗಾದಿ ಕಳೆದು ಒಂದೆರಡು ದಿನಕ್ಕೆ ಅಷ್ಟೆ. ಶಾಲೆಯ ಮೇಷ್ಟರು ಬರೆದುಕೊಂಡ ಜೂನ್ 1ರ ಪ್ರಕಾರ ಆರನೆಯ ಸಂಪುಟದ ಮೊದಲ ಕಥೆ ಅವಳದೆಂದು ತೀರ್ಮಾನವಾಯಿತು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿ, "ನನ್ನದೇ ಚೆನ್ನಾಗಿದೆ" ಎಂದಳು. ಕಾರಂತರ 'ಬಾಲ ಪ್ರಪಂಚ'ವನ್ನಂತೂ ಪುಟ್ಟ ಮೊದಲು ಏಣಿಯಾಗಿ ಬಳಸಿದ. ಅದರ ಮೇಲೆ ಹತ್ತಿ ಇಳಿಯುವಾಗ ತೆರೆದುಕೊಂಡ ಪುಟವನ್ನು ದೊಡ್ಡವನು ಬಗ್ಗಿ ನೋಡಿದ. 1930ರ ದಶಕದಲ್ಲಿ ಒಬ್ಬರೇ ಇಷ್ಟೆಲ್ಲ ಬರೆದರೇ ಎಂದು ಕೇಳಿದ. ಹೌದೆಂದೆ. "ಇಂಟರ್ನೆಟ್ ಇಲ್ಲದೆ?" ಎಂದ.

ಆ ರಾತ್ರಿ ಚೀಟಿಯಿಲ್ಲದ ಇನ್ನೊಂದು ಪುಸ್ತಕ ತೆಗೆದೆ: ತೇಜಸ್ವಿಯವರ 'ಕರ್ವಾಲೋ'. ಮಕ್ಕಳ ಪುಸ್ತಕವಲ್ಲ, 1980ರ ಕಾದಂಬರಿ. ನಾನು ಓದುತ್ತೇನೆ, ನೀನು ಕೇಳು ಎಂದೆ. ಜೇನು, ಮಂದಣ್ಣ, ಕಿವಿ ಎಂಬ ನಾಯಿ, ಆಮೇಲೆ ಹಾರುವ ಓತಿಯ ಸುಳಿವು. ಐದು ರಾತ್ರಿ ಓದಿದೆ. ಆರನೆಯ ರಾತ್ರಿ, ಎಲ್ಲರೂ ಕಾಡಿಗೆ ಹೊರಡುವ ಹೊತ್ತಿಗೆ, ಪುಸ್ತಕ ಮುಚ್ಚಿ ನಿದ್ದೆ ಬಂತೆಂದು ಆಕಳಿಸಿದೆ. ಇದು ಉಪಾಯ. ನನಗೆ ನಿದ್ದೆ ಬಂದಿರಲಿಲ್ಲ. ಮುಂದೇನೆಂದು ಗೊತ್ತಿದ್ದರೂ ಓದಬೇಕೆಂದೇ ಇತ್ತು.

ಉಪಾಯ ಫಲಿಸಿತು. ಅವನು ಪುಸ್ತಕವನ್ನೂ ಟಾರ್ಚನ್ನೂ ಹೊದಿಕೆಯೊಳಗೆ ಒಯ್ದ. ನಾನು ತೃಪ್ತಿಯಿಂದ ಕಣ್ಣು ಮುಚ್ಚಿದೆ.

ಹನ್ನೆರಡೂ ಕಾಲಿಗೆ ಯಾರೋ ಭುಜ ಅಲುಗಿಸಿದರು. "ಮಾವ, ಇಲ್ಲಿ 'ಷ'ದ ಕೆಳಗೆ ಇರುವುದು ಯಾವುದು?"

ಹೇಳಿದೆ.

ಹನ್ನೆರಡೂವರೆಗೆ ಮತ್ತೆ ಬಂದ. ಒಂದಕ್ಕೆ ಬಂದ. ಒಂದೂವರೆಯ ಹೊತ್ತಿಗೆ ನಾನು ಎದ್ದು, ದಿಂಬನ್ನೆತ್ತಿಕೊಂಡು ಅವನ ಮಂಚಕ್ಕೇ ಹೋಗಿ, "ಸರಿ, ಎಲ್ಲಿಯವರೆಗೆ ಬಂದೆ, ತೋರಿಸು" ಎಂದೆ. ಎರಡೂವರೆ ಪುಟ ಬಂದಿದ್ದ.