ಮೆಷಿನ್ ಕೊಟ್ಟ ಹದಿನೈದು ನಿಮಿಷ

ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವುದು ಟೈಮರ್. ಪರದೆಯ ಹಿಂದಿನಿಂದ ಅದು ‘ಟೀಂ ಟೀಂ’ ಎಂದ ಮರುಕ್ಷಣ ‘ಡಾಕ್ಟ್ರೇ, ಆಯ್ತಂತೆ’ ಎಂಬ ಕೂಗು ಬರುತ್ತದೆ. ಅತ್ತ ಹೋಗಿ ಪ್ಯಾಡ್ ಬಿಚ್ಚುವಷ್ಟರಲ್ಲಿ ಇನ್ನೊಂದು ಮಂಚದಲ್ಲಿ ಇನ್ನೊಂದು ಟೀಂ ಟೀಂ. ದೊಡ್ಡ ಆಸ್ಪತ್ರೆಯಲ್ಲಾದರೆ ಓಡಾಡಲು ನಾಲ್ಕು ಜನ ಇರುತ್ತಾರೆ. ಬಾಡಿಗೆ ಮಳಿಗೆಯಲ್ಲಿ ಎರಡು ಮಂಚ, ಮೂರು ಮೆಷಿನ್ ಇಟ್ಟುಕೊಂಡು ಒಬ್ಬರೇ ನಡೆಸುವ ಕ್ಲಿನಿಕ್ಕಿನಲ್ಲಿ ಡಾಕ್ಟರ್, ಅಟೆಂಡರ್, ಕ್ಯಾಷಿಯರ್ ಎಲ್ಲ ಒಬ್ಬರೇ. ಗಮನ ನಿಲ್ಲುವುದಿಲ್ಲ ಎಂದು ಅವರು ಗೊಣಗಿದರೆ ತಪ್ಪೇನಿಲ್ಲ. ಆದರೆ ಗಮನ ಸೋರುವ ಜಾಗ ಮಾತ್ರ ಅವರು ತೋರಿಸುವ ಕಡೆ ಇರುವುದಿಲ್ಲ. ರೋಗಿಯ ಮಂಡಿ ಕೈಯಲ್ಲಿರುವಾಗ ಯಾರ ಮನಸ್ಸೂ ಅಷ್ಟಾಗಿ ಅಲೆಯುವುದಿಲ್ಲ. ಅದು ಅಲೆಯುವುದು ಮೆಷಿನ್ ಇಟ್ಟು, ಟೈಮರ್ ತಿರುಗಿಸಿ, ‘ಹಾಗೇ ಮಲಗಿರಿ’ ಎಂದು ಪರದೆ ಎಳೆದ ಮೇಲಿನ ಹದಿನೈದು ನಿಮಿಷದಲ್ಲಿ.

ಆ ಹದಿನೈದು ನಿಮಿಷ ಬಿಟ್ಟಿ ಸಿಕ್ಕಂತೆ ಕಾಣುತ್ತದೆ. ಕೈ ತಾನಾಗಿಯೇ ಮೊಬೈಲಿಗೆ ಹೋಗುತ್ತದೆ.

ಆದರೆ ಅದರಲ್ಲಿ ಮೊದಲ ಐದು ನಿಮಿಷ ನಮ್ಮದಲ್ಲ. ಬಿಸಿನೀರಿನ ಟ್ಯಾಂಕಿನಲ್ಲಿ ಕಾಯಿಸಿ ನೋವಿನ ಜಾಗಕ್ಕೆ ಇಡುವ ಹಾಟ್ ಪ್ಯಾಕನ್ನೇ ನೋಡಿ. ಟ್ಯಾಂಕಿನ ನೀರು ಸುಮಾರು 70ರಿಂದ 75 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಲ್ಲಿಂದ ಇಕ್ಕಳದಲ್ಲಿ ತೆಗೆದ ಪ್ಯಾಕಿಗೂ ಚರ್ಮಕ್ಕೂ ನಡುವೆ ಆರರಿಂದ ಎಂಟು ಪದರ ಟವೆಲ್ ಬೇಕು. ಬಿಸಿ ಏರುವುದು ಇಟ್ಟ ತಕ್ಷಣ ಅಲ್ಲ, ನಿಧಾನವಾಗಿ. ಆದ್ದರಿಂದ ಐದನೆಯ ನಿಮಿಷಕ್ಕೆ ಟವೆಲ್ ಎತ್ತಿ ಚರ್ಮ ನೋಡಲೇಬೇಕು. ಒಂದೇ ಸಮನಾದ ತಿಳಿಗೆಂಪು ಇದ್ದರೆ ಸರಿ. ಕೆಂಪು ಬಿಳಿ ಚುಕ್ಕೆಚುಕ್ಕೆಯಾಗಿದ್ದರೆ ಕೂಡಲೇ ತೆಗೆಯಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಣ್ಣಗಿನ ಅರಿವೇ ಕಡಿಮೆ ಇರಬಹುದು. ‘ಏನೂ ಸುಡ್ತಿಲ್ಲ’ ಎಂಬ ಅವರ ಮಾತನ್ನು ನಂಬುವ ಮುಂಚೆ ಬಿಸಿನೀರು, ತಣ್ಣೀರಿನ ಎರಡು ಟ್ಯೂಬ್ ಮುಟ್ಟಿಸಿ ಪರೀಕ್ಷಿಸಿರಬೇಕು.

ಎಡವಟ್ಟು ಆಗುವ ರೀತಿಯೂ ಸ್ವಾರಸ್ಯವಾದದ್ದು. ಒಮ್ಮೆ ಬಳಸಿದ ಪ್ಯಾಕ್ ಮತ್ತೆ ಕಾಯಲು ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತದೆ. ಸಂಜೆಯ ಗಡಿಬಿಡಿಯಲ್ಲಿ ಹತ್ತೇ ನಿಮಿಷಕ್ಕೆ ಅದನ್ನೇ ತೆಗೆದು ಮುಂದಿನವರಿಗೆ ಇಟ್ಟರೆ ‘ಇವತ್ತು ಬಿಸಿನೇ ಇಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಸಮಾಧಾನ ಮಾಡಲು ಎರಡು ಪದರ ಟವೆಲ್ ತೆಗೆಯುತ್ತೇವೆ. ಮರುದಿನ ಅದೇ ಎರಡು ಪದರ ಕಡಿಮೆಯ ಲೆಕ್ಕದಲ್ಲಿ ಚೆನ್ನಾಗಿ ಕಾದ ಪ್ಯಾಕ್ ಇಡುತ್ತೇವೆ, ಬೊಬ್ಬೆ ಏಳುತ್ತದೆ. ತಪ್ಪು ಟವೆಲಿನದೂ ಅಲ್ಲ, ಪ್ಯಾಕಿನದೂ ಅಲ್ಲ. ಯಾವ ಪ್ಯಾಕ್ ಎಷ್ಟು ಹೊತ್ತಿಗೆ ಟ್ಯಾಂಕಿಗೆ ಮರಳಿತು ಎಂಬ ನೆನಪಿನದು. ಟ್ಯಾಂಕಿನ ಪಕ್ಕದ ಗೋಡೆಗೆ ಒಂದು ಪುಟ್ಟ ಬಿಳಿ ಬೋರ್ಡ್ ತೂಗುಹಾಕಿ, ಪ್ಯಾಕ್ ಒಳಗೆ ಬಿಟ್ಟ ಸಮಯ ಗೀಚಿಟ್ಟರೆ ತಲೆಗೆ ಆ ಭಾರ ಇಲ್ಲ.

ಐಎಫ್‌ಟಿ, ಅಂದರೆ ನೋವಿನ ಜಾಗಕ್ಕೆ ಪ್ಯಾಡ್ ಇಟ್ಟು ಹಗುರ ವಿದ್ಯುತ್ ಹರಿಸುವುದು, ಜನರ ಮಾತಿನಲ್ಲಿ ‘ಕರೆಂಟ್ ಇಡೋದು’, ಇದಕ್ಕಿಂತ ತುಂಟ. ಇಟ್ಟ ಎರಡು ನಿಮಿಷ ಜುಮುಜುಮು ಎನ್ನುತ್ತದೆ, ಆಮೇಲೆ ನರಗಳು ಅದಕ್ಕೆ ಒಗ್ಗಿಕೊಂಡು ‘ಈಗ ಗೊತ್ತೇ ಆಗ್ತಿಲ್ಲ’ ಎಂಬ ದೂರು. ಸ್ಪಂಜ್ ಒಂದು ಕಡೆ ಒಣಗಿದ್ದರೆ ಕರೆಂಟೆಲ್ಲ ಒದ್ದೆ ಇರುವ ಕಡೆಯೇ ನುಗ್ಗಿ ಸೂಜಿ ಚುಚ್ಚಿದಂತಾಗುತ್ತದೆ. ಒಮ್ಮೆ ಬಂದು ಸರಿಮಾಡಿದರೆ ಮುಗಿಯಿತು. ಅದನ್ನು ಬಿಟ್ಟು ಹೊರಗೆ ಕೂತರೆ ಐದು ಸಲ ಕರೆಯುತ್ತಾರೆ. ಇದ್ದುದರಲ್ಲಿ ಅಲ್ಟ್ರಾಸೌಂಡೇ ವಾಸಿ, ಸ್ಕ್ಯಾನಿಂಗಿನದಲ್ಲ, ನೋವಿನ ಜಾಗಕ್ಕೆ ಶಬ್ದದ ಅಲೆ ಹಾಯಿಸುವ ಮೆಷಿನ್. ಐದರಿಂದ ಎಂಟು ನಿಮಿಷ ಅದರ ತಲೆಯನ್ನು ಜೆಲ್ ಮೇಲೆ ನಾವೇ ಆಡಿಸುತ್ತಿರಬೇಕು. ಒಂದೇ ಕಡೆ ನಿಲ್ಲಿಸಿದರೆ ಮೂಳೆಯ ಹೊದಿಕೆ ಕಾದು ರೋಗಿ ಹಾರಿಬೀಳುತ್ತಾರೆ. ಮೊಬೈಲ್ ಮುಟ್ಟಲು ಬಿಡದ ಮೆಷಿನ್ ಕ್ಲಿನಿಕ್ಕಿನಲ್ಲಿ ಇದೊಂದೇ.

ಉಳಿದ ಹತ್ತು ನಿಮಿಷಕ್ಕೆ ಬರೋಣ. ಅದಕ್ಕೆ ಒಂದೇ ಒಂದು ಕೆಲಸ ಹಚ್ಚಬೇಕು, ಮಂಚದ ಮೇಲಿರುವವರ ಕೇಸ್ ಶೀಟ್ ಬರೆಯುವುದು. ಬೇರೆಯವರದಲ್ಲ, ಅವರದೇ. ‘ರಾತ್ರಿ ಎಲ್ಲಾ ಒಟ್ಟಿಗೆ ಬರೆದರಾಯ್ತು’ ಎಂದುಕೊಂಡವರ ಪುಸ್ತಕ ತೆಗೆದು ನೋಡಿದರೆ ಸಾಲುಸಾಲಾಗಿ ‘ಬೆಟರ್’, ‘ಬೆಟರ್’, ‘ಸೇಮ್’. ಹನ್ನೆರಡು ಜನರನ್ನು ನೋಡಿದ ಮೇಲೆ ಯಾರ ಭುಜ ಎಷ್ಟು ಎದ್ದಿತ್ತು ಎಂದು ಒಂಬತ್ತು ಗಂಟೆಗೆ ಯಾರಿಗೆ ನೆನಪಿರುತ್ತದೆ? ಲಾರೆನ್ಸ್ ವೀಡ್ ಎಂಬ ಅಮೆರಿಕದ ವೈದ್ಯರು 1960ರ ದಶಕದಲ್ಲಿ ರೂಢಿಗೆ ತಂದ ನಾಲ್ಕು ಮೆಟ್ಟಿಲಿನ ಕ್ರಮ ಈಗಲೂ ಕಾಲೇಜಿನಲ್ಲಿ ಹೇಳಿಕೊಡುವಂಥದ್ದೇ: ರೋಗಿ ಹೇಳಿದ್ದು, ನಾವು ಅಳೆದದ್ದು, ನಮ್ಮ ಅಂದಾಜು, ಮುಂದೆ ಮಾಡುವುದು. ಪರೀಕ್ಷೆಗೆ ಬಾಯಿಪಾಠ ಮಾಡಿ ಪಾಸಾದ ಮೇಲೆ ಎಲ್ಲರೂ ಮರೆಯುತ್ತೇವೆ. ನಾಲ್ಕು ಸಾಲು ಸಾಕು:

‘ಬಲಭುಜ ನೋವು 6, ಆ ಮಗ್ಗುಲಿಗೆ ಮಲಗಲಾಗುತ್ತಿಲ್ಲ. ಪಕ್ಕಕ್ಕೆ ಎತ್ತುವುದು 95 ಡಿಗ್ರಿ, ಹೊರತಿರುವು 20. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮದಲ್ಲಿ ಹೆಗಲು ಏರಿಸುತ್ತಾರೆ. ನಾಳೆ ಕನ್ನಡಿ ಮುಂದೆ ಮಾಡಿಸು.’

ಇದರಲ್ಲಿ ಕೊನೆಯ ಸಾಲೇ ಚಿನ್ನ. ಮರುದಿನ ಪರದೆ ಸರಿಸುವ ಮುಂಚೆ ಅದನ್ನೊಂದು ಓದಿಕೊಂಡರೆ ‘ಹೇಗಿದೆ ಈಗ?’ ಎಂದು ಶುರುವಾಗಿ ಮಗಳ ಮದುವೆಯವರೆಗೆ ಹೋಗುವ ಮಾತು ನೇರ ಕನ್ನಡಿಯ ಮುಂದೆ ನಿಲ್ಲುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಕೋನ ಅಳೆಯುವ ಗೋನಿಯೋಮೀಟರ್ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ಉದ್ದ ಕೈ ಹಚ್ಚಿದಂತಿರುವ ಪ್ಲಾಸ್ಟಿಕ್ ತುಂಡು. ಒಳ್ಳೆಯ ಕೈಯಲ್ಲೂ ಸುಮಾರು ಐದು ಡಿಗ್ರಿ ಆಚೀಚೆ ಆಗುತ್ತದೆ. ನಿನ್ನೆ ಮಲಗಿಸಿ ಅಳೆದು ಇವತ್ತು ಕೂರಿಸಿ ಅಳೆದರೆ ಲೆಕ್ಕವೇ ತಪ್ಪು. ರೋಗಿ ಸೊಂಟ ಪಕ್ಕಕ್ಕೆ ವಾಲಿಸಿ ಕೈ ಎತ್ತಿದರೆ ಇಲ್ಲದ ಡಿಗ್ರಿಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ಮೂರು ಡಿಗ್ರಿ ಏರಿದ್ದಕ್ಕೆ ಹಿಗ್ಗುವುದೂ ಬೇಡ, ಇಳಿದದ್ದಕ್ಕೆ ಕುಗ್ಗುವುದೂ ಬೇಡ. ನೋವಿನ ಅಂಕಿಯೂ ಅಷ್ಟೆ. ಸೊನ್ನೆಯಿಂದ ಹತ್ತರ ಪಟ್ಟಿಯಲ್ಲಿ ಎರಡು ಇಳಿದರೆ ನಿಜವಾಗಿ ಇಳಿದಂತೆ, ಒಂದು ಇಳಿದರೆ ಅದು ರೋಗಿ ನಮ್ಮ ಮೇಲೆ ತೋರಿಸಿದ ಮರ್ಯಾದೆಯೂ ಇರಬಹುದು.

‘ಮನೆಯಲ್ಲಿ ವ್ಯಾಯಾಮ ಮಾಡಿದ್ರಾ?’ ಎಂಬ ಪ್ರಶ್ನೆಯನ್ನಂತೂ ಕೇಳುವುದೇ ದಂಡ. ಎಲ್ಲರೂ ಮಾಡಿರುತ್ತಾರೆ. ‘ಎಲ್ಲಿ, ಮಾಡಿ ತೋರಿಸಿ’ ಎಂದರೆ ಅರ್ಧ ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ: ಎಡಗಾಲಿಗೆ ಹೇಳಿದ್ದನ್ನು ಬಲಗಾಲಿಗೆ ಮಾಡುತ್ತಿರುತ್ತಾರೆ. ಮೂರಕ್ಕಿಂತ ಹೆಚ್ಚು ವ್ಯಾಯಾಮ ಬರೆದುಕೊಟ್ಟಿದ್ದರೆ ಅಪರಾಧ ನಮ್ಮದೂ ಹೌದು.

ಇನ್ನು ಸದ್ದುಗಳು. ಕೌಂಟರಿನ ಮೇಲಿನ ಯುಪಿಐ ಪೆಟ್ಟಿಗೆ ‘ನಾನೂರು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಊರಿಗೆಲ್ಲ ಕೇಳುವಂತೆ ಸಾರುವುದು, ಕತ್ತಿನ ಸ್ನಾಯು ಸಡಿಲವಾಗಲಿ ಎಂದು ಒತ್ತಿ ಹಿಡಿದು ಕಾಯುತ್ತಿರುವಾಗಲೇ. ರೋಗಿ ಬೆಚ್ಚುತ್ತಾರೆ, ನಾವು ಮನಸ್ಸಿನಲ್ಲೇ ಕೂಡುವ ಲೆಕ್ಕಕ್ಕೆ ಇಳಿಯುತ್ತೇವೆ. ಪೆಟ್ಟಿಗೆ ಬಾಗಿಲ ಹತ್ತಿರ ಇರಲಿ, ದನಿ ತೀರಾ ಕಡಿಮೆ ಇರಲಿ. ವಾಟ್ಸಾಪ್‌ನಲ್ಲಿ ಎಂಆರ್‌ಐ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ಫೋಟೋ ಬರುತ್ತದೆ, ಜೊತೆಗೆ ‘ಇದು ಸೊಂಟದ ಎಲ್4-ಎಲ್5 ಅಂತೆ, ಆಪರೇಷನ್ ಬೇಕಾ?’ ಎಂಬ ಪ್ರಶ್ನೆ. ಅದಕ್ಕೆ ಮಧ್ಯಾಹ್ನ ಒಂದಕ್ಕೆ ಮತ್ತು ರಾತ್ರಿ ಬಾಗಿಲು ಹಾಕುವ ಮುಂಚೆ, ಎರಡೇ ಹೊತ್ತು ಉತ್ತರ ಎಂದು ವಾಟ್ಸಾಪಿನ ತಾನಾಗಿ ಹೋಗುವ ಸಂದೇಶದಲ್ಲೇ ಬರೆದಿಡಬಹುದು. ಅದೇ ಸಂದೇಶದಲ್ಲಿ ಇನ್ನೊಂದು ಸಾಲು ತಪ್ಪದೆ ಇರಬೇಕು. ಕಾಲು ಹಠಾತ್ತನೆ ಸೋತರೆ, ಮೂತ್ರದ ಹಿಡಿತ ತಪ್ಪಿದರೆ ಅಥವಾ ಮೂತ್ರವೇ ಕಟ್ಟಿಕೊಂಡರೆ, ಕೂರುವ ಜಾಗ ಜೋಮು ಹಿಡಿದರೆ ನಮ್ಮ ಉತ್ತರಕ್ಕೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ, ಎಂದು.

ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಪಾಲು ಹಿಂದೆಯೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಬರೆದರು. ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವು, ಇರುವ ರೋಗಿಯ ಕಾಲು ಎತ್ತುತ್ತಿರುವಾಗಲೂ ಹಿಂದಿನವರ ಭುಜವೇ ತಲೆಯಲ್ಲಿ ಸುಳಿಯುವುದು ಇದರಿಂದಲೇ. ನಮ್ಮ ಕಸುಬಿನಲ್ಲಿ ಇದಕ್ಕೆ ಮದ್ದು ಸಿಂಕಿನಲ್ಲೇ ಇದೆ. ಇಬ್ಬರು ರೋಗಿಗಳ ನಡುವೆ ಹೇಗೂ ಕೈ ತೊಳೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸೋಪು ನೀರಿಗೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರಿಗೆ 20ರಿಂದ 30. ಮುಂದಿನವರ ಶೀಟನ್ನು ಸಿಂಕಿನ ಮೇಲೆ ಕಣ್ಣಳತೆಯಲ್ಲಿ ಕ್ಲಿಪ್‌ಗೆ ಸಿಕ್ಕಿಸಿಟ್ಟರೆ ಕೈ ತೊಳೆಯುವಷ್ಟರಲ್ಲಿ ಕೊನೆಯ ಸಾಲು ಓದಿ ಮುಗಿಯುತ್ತದೆ. ಹಿಂದಿನವರು ಮೋರಿಗೆ ಹೋದರು ಎನ್ನುವುದು ಒರಟು ಮಾತು, ಆದರೆ ಆಗುವುದು ಹೆಚ್ಚುಕಡಿಮೆ ಅದೇ.

1980ರ ದಶಕದ ಕೊನೆಗೆ ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು, 25 ನಿಮಿಷ ಕೆಲಸ, ಐದು ನಿಮಿಷ ಬಿಡುವು ಎಂಬ ಪದ್ಧತಿ ಮಾಡಿದರು. ಮೇಜಿನ ಮುಂದೆ ಕೂತು ಮಾಡುವ ಕೆಲಸಕ್ಕೆ ಅದು ಚೆನ್ನ. ಟೊಮೆಟೊ ಟಿಣ್ ಎಂದಿತು ಎಂದು ಅರ್ಧ ಮಡಚಿದ ಮಂಡಿಯನ್ನು ಬಿಟ್ಟು ಕಾಫಿಗೆ ಏಳಲಾಗುವುದಿಲ್ಲ. ನಮಗೆ ಹೊಂದುವುದು ಅಪಾಯಿಂಟ್‌ಮೆಂಟ್ ಪುಸ್ತಕದಲ್ಲೇ ಬಿಡುವನ್ನು ಬರೆದಿಡುವುದು. ಹೊಸಬರಿಗೆ ಮುಕ್ಕಾಲು ಗಂಟೆ, ಹಳಬರಿಗೆ ಅರ್ಧ ಗಂಟೆ, ಪ್ರತಿ ಮೂವರಾದ ಮೇಲೆ ಕಾಲು ಗಂಟೆ ಖಾಲಿ. ಆ ಖಾಲಿಗೆ ಅಡ್ಡಗೆರೆ ಎಳೆದುಬಿಡಬೇಕು. ಬರೀ ಬಿಳಿ ಜಾಗ ಕಂಡರೆ ‘ಒಂದೇ ನಿಮಿಷ ಡಾಕ್ಟ್ರೇ’ ಎಂದವರನ್ನು ನಾವೇ ಅಲ್ಲಿ ತುರುಕುತ್ತೇವೆ. ಹೊಸಬರನ್ನು ಸಂಜೆ ಆರರಿಂದ ಎಂಟರ ನೂಕುನುಗ್ಗಲಿನಲ್ಲಿ ತೆಗೆದುಕೊಳ್ಳಲೇಬಾರದು, ಅವರ ಕಥೆ ಕೇಳಲು ಆಗ ಯಾರಿಗೂ ಕಿವಿ ಇರುವುದಿಲ್ಲ.

ಪಂಚಾಂಗವೂ ಕೆಲವೊಮ್ಮೆ ಸಹಾಯಕ್ಕೆ ಬರುತ್ತದೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆ ಹೊತ್ತಿನಲ್ಲಿ ಚಿಕಿತ್ಸೆ ಶುರುಮಾಡಲು ಹಿಂಜರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರೊಂದಿಗೆ ವಾದ ಮಾಡುವುದಕ್ಕಿಂತ ಆ ಒಂದೂವರೆ ಗಂಟೆಯನ್ನು ಕಾಗದಪತ್ರಕ್ಕೆ ಕೊಡುವುದು ಜಾಣತನ. ರಸೀದಿ ಪುಸ್ತಕ, ಬಾಡಿಗೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿಯ ನವೀಕರಣ, ಮಾರ್ಚ್ 15ರೊಳಗೆ ಕಟ್ಟಬೇಕಾದ ಮುಂಗಡ ತೆರಿಗೆ, ಎಲ್ಲ ಅಲ್ಲೇ. ದಿನಾ ಚೂರುಚೂರಾಗಿ ತಲೆ ತಿನ್ನುವ ಇವು ವಾರಕ್ಕೊಮ್ಮೆ ಕೂತರೆ ಅಷ್ಟೇನೂ ದೊಡ್ಡವಲ್ಲ.

ಮನೆಗೇ ಹೋಗಿ ಮಾಡುವ ಚಿಕಿತ್ಸೆ ದಿನವನ್ನು ಸದ್ದಿಲ್ಲದೆ ನುಂಗುತ್ತದೆ. ಪಾರ್ಶ್ವವಾಯು ಆದವರಿಗೆ ಅದು ಬೇಕೇ ಬೇಕು. ಮುಕ್ಕಾಲು ಗಂಟೆಯ ಚಿಕಿತ್ಸೆಗೆ ಹೋಗಿ, ಪಾರ್ಕಿಂಗ್ ಹುಡುಕಿ, ಬೇಡವೆಂದರೂ ಬಿಡದ ಅಜ್ಜಿಯ ಕಾಫಿ ಕುಡಿದು ಬರುವಷ್ಟರಲ್ಲಿ ಬೆಂಗಳೂರಿನಲ್ಲಾದರೆ ಮಧ್ಯಾಹ್ನವೇ ಮುಗಿದಿರುತ್ತದೆ. ಒಂದೇ ಬಡಾವಣೆಯ ಎರಡು ಮನೆಗಳನ್ನು ಸೋಮ, ಬುಧ, ಶುಕ್ರ ಎಂದು ಜೋಡಿಸಿದರೆ ಸ್ವಲ್ಪ ಉಸಿರಾಡಬಹುದು. ಉಳಿದ ದಿನಗಳಿಗೆ ಮನೆಯ ಒಬ್ಬರಿಗೆ, ಸಾಮಾನ್ಯವಾಗಿ ಸೊಸೆಗೆ, ಕೈಕಾಲು ಆಡಿಸುವ ಕ್ರಮ ಕಲಿಸಬೇಕು. ಮಗನಿಗೂ ಕಲಿಸಬಹುದು ಎಂದು ನೆನಪಿಸುವುದೂ ನಮ್ಮ ಕೆಲಸವೇ.

ಗಮನ ತಪ್ಪುವುದಕ್ಕೆ ಹೆಬ್ಬೆರಳೂ ಕಾರಣ ಎಂದರೆ ಹೊರಗಿನವರು ನಗಬಹುದು. ದಿನವೆಲ್ಲ ಬೆನ್ನಿನ ಗಂಟುಗಳನ್ನು ಹೆಬ್ಬೆರಳಲ್ಲೇ ಒತ್ತುವವರ ಹೆಬ್ಬೆರಳ ಬುಡದ ಕೀಲು ಬೇಗ ಸವೆಯುತ್ತದೆ. ನೋಯುವ ಕೈಯಿಂದ ಮಾಡುವವರ ಮನಸ್ಸು ರೋಗಿಯ ನೋವಿನ ಮೇಲೆ ನಿಲ್ಲುವುದಾದರೂ ಹೇಗೆ? ಮೊಣಕೈ, ಅಂಗೈಯ ಬುಡ ಬಳಸಬೇಕು. ಮಂಚ ತೀರಾ ತಗ್ಗಾದರೆ ನಮ್ಮ ಸೊಂಟ ಹೋಯಿತು, ತೀರಾ ಎತ್ತರವಾದರೆ ಮೈಭಾರ ಹಾಕಲಾಗದೆ ಕೈಯೇ ದುಡಿಯಬೇಕು. ಕೈ ಇಳಿಬಿಟ್ಟು ನಿಂತಾಗ ಮುಷ್ಟಿಯ ಗೆಣ್ಣು ಹಾಸಿಗೆಗೆ ತಾಗುವ ಎತ್ತರ ಬಹಳ ಕೆಲಸಕ್ಕೆ ಸರಿಹೋಗುತ್ತದೆ. ಬಡಗಿಯನ್ನು ಕರೆಸಿ ಮಂಚದ ಕಾಲಿಗೆ ಎರಡಿಂಚಿನ ಮರದ ತುಂಡು ಕೊಡಿಸಿದರೆ ಖರ್ಚೂ ಹೆಚ್ಚಲ್ಲ.

ಕರೆಂಟ್ ಹೋದ ದಿನ ಮಾತ್ರ ಕ್ಲಿನಿಕ್ಕಿನ ಬಣ್ಣವೇ ಬೇರೆ. ಇನ್ವರ್ಟರ್ ಫ್ಯಾನು, ಲೈಟಿಗೆ ಸಾಕು, ಹಾಟ್ ಪ್ಯಾಕ್ ಟ್ಯಾಂಕಿಗೆ ಸಾಲದು. ಟೈಮರ್‌ಗಳೆಲ್ಲ ಮೌನ. ಅರ್ಧ ಗಂಟೆ ಪೂರ್ತಿ ಕೈ, ಕಣ್ಣು, ವ್ಯಾಯಾಮ; ಒಬ್ಬರ ಬಳಿಯೇ ನಿಂತು ಮಾಡಿಸುವುದರಿಂದ ಸಾಮಾನ್ಯವಾಗಿ ಅವತ್ತಿನ ಕೆಲಸ ಉಳಿದ ದಿನಗಳಿಗಿಂತ ಚೆನ್ನಾಗಿಯೇ ಆಗಿರುತ್ತದೆ. ಹೊರಡುವಾಗ ರೋಗಿ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ ಕೇಳುತ್ತಾರೆ: ‘ಡಾಕ್ಟ್ರೇ, ಇವತ್ತು ಕರೆಂಟ್ ಇಡಲಿಲ್ಲವಲ್ಲ, ಫೀಸಲ್ಲಿ ಏನಾದ್ರೂ ಕಮ್ಮಿ…?’ ಇದಕ್ಕೇ ಗೋಡೆಯ ಶುಲ್ಕಪಟ್ಟಿಯಲ್ಲಿ ಐಎಫ್‌ಟಿಗೆ ಇಷ್ಟು, ಅಲ್ಟ್ರಾಸೌಂಡಿಗೆ ಇಷ್ಟು ಎಂದು ಮೆಷಿನ್ ಲೆಕ್ಕ ಬರೆಸದೆ, ಒಂದು ಸಿಟ್ಟಿಂಗ್‌ಗೆ ಇಷ್ಟು ಎಂದು ಮೊದಲೇ ಬರೆಸಿಟ್ಟಿರಬೇಕು.