ಸೆಲ್ ದುಡ್ಡೂ ಅವರದೇ

ತಡೆಯಲಾಗದೆ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಮ್ಮೂರಿನ ಆಶಾ ಅಕ್ಕ, ಅಂದರೆ ಆಶಾ ಕಾರ್ಯಕರ್ತೆ, ನನ್ನ ತಂಗಿಗೆ ಹೆರಿಗೆಯಾದ 14ನೇ ದಿನದ ಭೇಟಿಗೆ ಮನೆಗೆ ಬಂದಿದ್ದರು. ಬಿಪಿ ಮೆಷಿನ್ ಆನ್ ಆಗಲಿಲ್ಲ. ಪರ್ಸಿನಿಂದ ದುಡ್ಡು ತೆಗೆದು ನನ್ನ ಮಗನ ಕೈಗಿಟ್ಟು, 'ನಾಲ್ಕು ಸೆಲ್ ತಗೊಂಡು ಬಾರಪ್ಪ' ಅಂದರು. ಮೆಷಿನ್ ಯಾರು ಕೊಟ್ಟಿದ್ದು ಅಂತ ಕೇಳಿದೆ. ದಾವಣಗೆರೆಯಲ್ಲಿ ಸ್ವಂತ ದುಡ್ಡಲ್ಲಿ ಕೊಂಡಿದ್ದಂತೆ.

ತಂಗಿ ಬಾಣಂತನಕ್ಕೆ ಜಗಳೂರಿನ ಹತ್ತಿರದ ನಮ್ಮೂರಿಗೆ ಬಂದಿದ್ದಾಳೆ. ಆಮೇಲೆ ನಡೆದಿದ್ದನ್ನು ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದ ಎರಡೇ ದಿನಕ್ಕೆ ತಲೆನೋವು ಶುರುವಾಯಿತು. ಅಮ್ಮ 'ತಲೆಗೆ ಗಾಳಿ ಹೊಕ್ಕಿದೆ' ಎಂದು ಬಟ್ಟೆ ಬಿಗಿಯಾಗಿ ಕಟ್ಟಿದರು. ನಾನೂ ಹೂಂ ಅಂದೆ. ಅದು ಇನ್ನೂ ನನ್ನನ್ನು ಕುಟುಕುತ್ತಿದೆ. 7ನೇ ದಿನ ಆಶಾ ಅಕ್ಕ ಬಂದು ಮಗುವನ್ನು ತೂಗಿದರು. ತಂಗಿ 'ಕಣ್ಣು ಮಂಜು ಮಂಜು' ಅಂದಿದ್ದೇ ತಡ, ತೋಳಿಗೆ ಪಟ್ಟಿ ಸುತ್ತಿದರು. 168/112. 'ಅಕ್ಕಾರೆ, ಇದು ಗಾಳಿಯಲ್ಲ, ಈಗ್ಲೇ ಹೊರಡ್ರಿ' ಎಂದು ತಾವೇ 108ಕ್ಕೆ ಫೋನ್ ಮಾಡಿದರು.

ಬಸುರಿಯಲ್ಲಿ ಅವಳ ಬಿಪಿ ಸರಿಯಾಗೇ ಇತ್ತು. ಹೆರಿಗೆಯಾಗಿ 6 ವಾರದವರೆಗೂ ಹೊಸದಾಗಿ ಏರಬಹುದು, 3ರಿಂದ 6ನೇ ದಿನದಲ್ಲಿ ಜಾಸ್ತಿ ಅಂತ ಡಾಕ್ಟರ್ ಹೇಳಿದ ಮೇಲೇ ಗೊತ್ತಾಗಿದ್ದು. ಅಷ್ಟೊತ್ತಿಗೆ ಎಷ್ಟೋ ಬಾಣಂತಿಯರು ಮನೆ ಸೇರಿರುತ್ತಾರೆ. ಬಿಟ್ಟಿದ್ದರೆ ಫಿಟ್ಸ್ ಬರಬಹುದಿತ್ತು. ನಮ್ಮ ಕಡೆ ಬಾಣಂತಿ ಸನ್ನಿ ಅಂತ ಎಷ್ಟು ಹೆಣ್ಣುಮಕ್ಕಳು ಹೋದರೋ, ಅದರಲ್ಲಿ ಬಿಪಿಯಿಂದ ಹೋದವರು ಎಷ್ಟೋ.

ಮಗುವಿಗೆ ತಕ್ಕಡಿ, ಥರ್ಮಾಮೀಟರ್ ಇಟ್ಟು ಸರ್ಕಾರ ಆಶಾ ಅಕ್ಕನಿಗೆ ಕೊಟ್ಟ ಚೀಲದಲ್ಲಿ ತಾಯಿಗೊಂದು ಬಿಪಿ ಮೆಷಿನ್ ಯಾಕಿಲ್ಲ? ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನದಲ್ಲಿ 6 ಸಲ ಮನೆಗೆ ಬರುತ್ತಾರೆ. ಆರೂ ಭೇಟಿ ಸೇರಿ ಅವರಿಗೆ 250 ರೂಪಾಯಿ. ಅದರಲ್ಲೇ ಮೆಷಿನ್ನೂ ಕೊಳ್ಳಬೇಕಾ?

'ಆಕೆ ಏನು ನರ್ಸಾ? ಸುಮ್ನೆ ಹೆದರಿಸ್ತಾರೆ, ಅದು ಆರೋಗ್ಯ ಉಪಕೇಂದ್ರದ ಸಿಸ್ಟರ್ ಕೆಲಸ' ಅಂದರು ದೊಡ್ಡಪ್ಪ. ಒಂದು ಉಪಕೇಂದ್ರಕ್ಕೆ ಸುಮಾರು 5000 ಜನ, ದೊಡ್ಡಪ್ಪ. ಸಿಸ್ಟರ್ ಬರೋವರೆಗೆ ಬಿಪಿ ಕಾಯುತ್ತಾ? ಮಾತ್ರೆ ಕೊಡಿ ಅಂತ ಯಾರೂ ಆಶಾ ಅಕ್ಕನಿಗೆ ಹೇಳುತ್ತಿಲ್ಲ. 140/90 ಮುಟ್ಟಿದರೆ ಸಿಸ್ಟರ್‌ಗೆ ಫೋನ್, 160/110 ಮುಟ್ಟಿದರೆ ನೇರ ಆಸ್ಪತ್ರೆ. ಹೆದರಿ ಒಂದು ಸಲ ಆಸ್ಪತ್ರೆಗೆ ಹೋಗಿ ಬಂದರೆ ಕಳೆದುಕೊಳ್ಳೋದೇನು? ತಲೆಗೆ ಬಟ್ಟೆ ಕಟ್ಟಿಕೊಂಡು ಕೂತ ನಮಗೇ ಹೆದರಿಕೆ ಬೇಕಿತ್ತು, ಅಲ್ವಾ?

ಮಗ ಸೆಲ್ ತಂದ. 132/84. ದುಡ್ಡು ಕೊಡಲು ಹೋದೆ, ಆಶಾ ಅಕ್ಕ ಮುಟ್ಟಲಿಲ್ಲ. ಇನ್ನೂ ಇಬ್ಬರು ಬಾಣಂತಿಯರ ಮನೆಗೆ ಹೋಗಬೇಕು ಅಂತ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.