ಶ್ರೀ ಹಸಿರು ಚುಕ್ಕೆ ಪ್ರಸನ್ನ

ಆಫೀಸಿನ ವೈಫೈಗೆ ಲ್ಯಾಪ್‌ಟಾಪ್ ಸಿಕ್ಕಿಕೊಂಡ ಕೂಡಲೇ ‘ಇವರು ಇಂಥ ಬಿಲ್ಡಿಂಗಿನಲ್ಲಿ ಇದ್ದಾರೆ’ ಅಂತ ಮೈಕ್ರೋಸಾಫ್ಟ್‌ನವರ ಚಾಟ್-ಮೀಟಿಂಗ್ ಆ್ಯಪ್ ಟೀಮ್ಸ್ ತಾನೇ ಬೋರ್ಡು ಹಾಕುತ್ತದಂತೆ. ಸುದ್ದಿ ನೀವೂ ಓದಿರುತ್ತೀರಿ. 2025ರ ಅಕ್ಟೋಬರ್‌ನಲ್ಲಿ ಈ ಯೋಜನೆ ಹೊರಗೆ ಬಿದ್ದದ್ದೇ ತಡ, ಔಟರ್ ರಿಂಗ್ ರೋಡಿನ ಅರ್ಧ ಜನಕ್ಕೆ ಬೆವರಿಳಿಯಿತು. ಡಿಸೆಂಬರ್‌ಗೆ ಬರುತ್ತೆ ಅಂದರು, ಆಮೇಲೆ ಮುಂದಕ್ಕೆ ಹಾಕಿದರು. ಇದು ತಾನಾಗಿ ಶುರುವಾಗುವುದಿಲ್ಲ, ಕಂಪನಿಯ ಅಡ್ಮಿನ್ ಆನ್ ಮಾಡಬೇಕು, ನೌಕರರೂ ಒಪ್ಪಿಗೆ ಕೊಡಬೇಕು ಅಂತ ಮೈಕ್ರೋಸಾಫ್ಟ್‌ನವರು ಬರೆದುಕೊಂಡಿದ್ದಾರೆ.

ಈ ಒಪ್ಪಿಗೆಯ ವಿಷಯ ನನಗೆ ತುಂಬಾ ಹಿಡಿಸಿತು. ಎಚ್‌ಆರ್‌ನವರು ಬಂದು ಕೇಳುತ್ತಾರೆ. ನಾವು ‘ಇಲ್ಲ ಮೇಡಂ, ನಂಗೆ ಮನಸ್ಸಿಲ್ಲ’ ಅನ್ನುತ್ತೇವೆ. ಅವರು ‘ಪರವಾಗಿಲ್ಲ ಬಿಡಿ’ ಅಂತ ಹೊರಟುಹೋಗುತ್ತಾರೆ. ಅಪ್ರೈಸಲ್ ತಿಂಗಳಲ್ಲಂತೂ ಇನ್ನೂ ಸಲೀಸು.

ನಾನು ಐಟಿ ಕನ್ಸಲ್ಟೆಂಟ್. ಮೇಲ್‌ಗೆ ಏನು ಇಟ್ಟುಕೊಳ್ಳಬೇಕು, ಚಾಟ್‌ಗೆ ಏನು ಇಟ್ಟುಕೊಳ್ಳಬೇಕು, ಎಲ್ಲಿಂದ ಎಲ್ಲಿಗೆ ಮೈಗ್ರೇಟ್ ಆಗಬೇಕು ಅಂತ ಕಂಪನಿಗಳಿಗೆ ಹೇಳಿ ದುಡ್ಡು ತಗೊಳ್ಳುವುದು ನನ್ನ ಕಸುಬು. ಹಾಗಾಗಿ ಹೊಗಳದೆ ವಿಧಿಯಿಲ್ಲ. ನಾಲ್ಕು ಜನ ಕೂಡಿ ಕೆಲಸ ಮಾಡಲಿ ಅಂತ ಹುಟ್ಟಿದ ಸಾಫ್ಟ್‌ವೇರು ಇಷ್ಟು ಬೇಗ ಹಾಜರಿ ಪುಸ್ತಕವಾದದ್ದು ಸಣ್ಣ ಸಾಧನೆಯೇ? ಬೆಳ್ಳಂದೂರಿನ ಜಾಮ್‌ನಲ್ಲಿ ಒಂದೂವರೆ ಗಂಟೆ ಕೂತು, ಕ್ಯಾಂಪಸ್ ತಲುಪಿ, ಹೆಡ್‌ಸೆಟ್ ಹಾಕಿಕೊಂಡು, ಪುಣೆಯಲ್ಲೂ ಲಂಡನ್‌ನಲ್ಲೂ ಇರುವವರ ಜೊತೆ ಟೀಮ್ಸ್‌ನಲ್ಲೇ ಮಾತಾಡುತ್ತೇವೆ ನೋಡಿ, ಆಗ ನಾವು ಯಾವ ಬಿಲ್ಡಿಂಗಿನಲ್ಲಿ ಇದ್ದೇವೆ ಅನ್ನುವುದು ಬಹಳ ಮುಖ್ಯ.

ಹಾಜರಿಯ ದೇವರು ಹಳೆಯದೇ, ಟೀಮ್ಸ್‌ನಲ್ಲಿ ನಮ್ಮ ಹೆಸರಿನ ಪಕ್ಕ ಕೂರುವ ಹಸಿರು ಚುಕ್ಕೆ. ಐದು ನಿಮಿಷ ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ಹಳದಿ. ಪಕ್ಕದ ಟೇಬಲ್‌ನ ಹುಡುಗಿಗೆ ಎಲ್ಲಿ ತಪ್ಪಾಗಿದೆ ಅಂತ ನಿಂತು ಹೇಳಿಕೊಟ್ಟರೆ ಹಳದಿ. ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಡಿಸೈನ್ ಗೀಚಿದರೆ ಹಳದಿ. ಸುಮ್ನೆ ಯೋಚನೆ ಮಾಡಿದರಂತೂ ಅಪರಾಧ. ಕ್ರಿಕೆಟ್ ಸ್ಕೋರು ನೋಡುತ್ತಾ ಸ್ಕ್ರೋಲ್ ಮಾಡುತ್ತಿದ್ದರೆ ಮಾತ್ರ ಹಚ್ಚಹಸಿರು.

ಇದಕ್ಕೆ ಪರಿಹಾರವಾಗಿ ಮೌಸ್ ಜಿಗ್ಲರ್ ಅನ್ನುವ ಯಂತ್ರ ಹುಟ್ಟಿಕೊಂಡಿತು. ಯಾರೂ ಇಲ್ಲದಿದ್ದರೂ ಮೌಸ್ ಅಲ್ಲಾಡಿಸುತ್ತಾ ಕೂರುವುದು ಅದರ ಉದ್ಯೋಗ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಹನ್ನೆರಡಕ್ಕಿಂತ ಜಾಸ್ತಿ ಜನರನ್ನು ಮನೆಗೆ ಕಳಿಸಿತು. ಕೀಬೋರ್ಡ್ ಒತ್ತುತ್ತಿರುವಂತೆ ನಟಿಸಿ, ಕೆಲಸ ಮಾಡುತ್ತಿರುವ ಭ್ರಮೆ ಹುಟ್ಟಿಸಿದರು ಅನ್ನುವುದು ಆರೋಪ. ಕೆಲಸದ ಭ್ರಮೆ ಹುಟ್ಟಿಸಿದ್ದಕ್ಕೆ ಶಿಕ್ಷೆ ಅಂತಾದರೆ ಮೇಲಿನ ಮಹಡಿಯಲ್ಲಿ ಎಷ್ಟು ಜನ ಉಳಿಯುತ್ತಾರೆ? ಇರಲಿ.

ನಮ್ಮೂರಿನ ಜಾಣತನ ಬೇರೆಯೇ. ಮತ್ತೀಕೆರೆಯ ಒಂದು ಮನೆಗೆ ಹೋಗಿದ್ದೆ. ಆ ಮನೆಯ ಹುಡುಗ ಮನೆಯಿಂದಲೇ ಕೆಲಸ ಮಾಡುತ್ತಾನೆ. ಟೇಬಲ್ ಮೇಲೆ ಹಳೆಯ ಎಚ್‌ಎಂಟಿ ಕೈಗಡಿಯಾರ ಅಂಗಾತ ಮಲಗಿದೆ, ಅದರ ಗಾಜಿನ ಮೇಲೆ ಮೌಸ್ ಕೂತಿದೆ. ಕೆಳಗೆ ಸೆಕೆಂಡಿನ ಮುಳ್ಳು ತಿರುಗಿದಂತೆ ಪರದೆಯ ಮೇಲೆ ಬಾಣದ ಗುರುತು ಮಿಸುಕುತ್ತದೆ. ಚುಕ್ಕೆ ಹಸಿರು. ಹುಡುಗ ಸೋಫಾದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ.

‘ಜಿಗ್ಲರ್ ತರಿಸಿಕೊಂಡಿದ್ದರೆ ಆಗ್ತಿತ್ತಲ್ಲೋ’ ಅಂದೆ.

‘ಯುಎಸ್‌ಬಿಗೆ ಏನು ಚುಚ್ಚಿದ್ರೂ ಐಟಿಯವರಿಗೆ ಗೊತ್ತಾಗುತ್ತೆ ಅಂಕಲ್. ತಾತನ ವಾಚು ಯಾವ ಲಾಗ್‌ನಲ್ಲೂ ಬರಲ್ಲ.’

ಅಡುಗೆಮನೆಯಿಂದ ಅವರಮ್ಮ ಕೂಗಿದರು, ‘ಲೋ, ವಾಚಿಗೆ ಕೀ ಕೊಟ್ಯೇನೋ? ನಿನ್ನೆ ಮಧ್ಯಾಹ್ನ ನಿಂತುಹೋಗಿ ನಿಮ್ಮ ಮ್ಯಾನೇಜರು ಫೋನ್ ಮಾಡಿದ್ರಲ್ಲ!’

ಎಚ್‌ಎಂಟಿ ಅಂದ ಮೇಲೆ ಒಂದು ಮಾತು. 1961ರಲ್ಲಿ ಬೆಂಗಳೂರಿನಲ್ಲಿ ಅವರು ವಾಚ್ ಕಾರ್ಖಾನೆ ತೆರೆದದ್ದು ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು. ಟೀಮ್ಸ್ ಇರಲಿಲ್ಲ, ಅದರ ಎದುರಾಳಿ ಆ್ಯಪ್ ಸ್ಲಾಕ್ ಇರಲಿಲ್ಲ, ‘ಕ್ವಿಕ್ ಕಾಲ್?’ ಅಂತ ಕೇಳುವವರು ಇರಲಿಲ್ಲ. ಕಾಗದ ಬರೆದರು, ಜನ ಹೋಗಿ ಬಂದರು, ಕಲಿತರು. ಆದರೂ ವಾಚು ಟೈಮು ತೋರಿಸಿತು. ಈಗಲೂ ತೋರಿಸುತ್ತಿದೆ, ಮೌಸ್ ಎತ್ತಿದರೆ. ಜಾಲಹಳ್ಳಿ ಕಡೆಯ ಆ ಕಾಲದ ಕಾರ್ಮಿಕರು ಗೇಟಿನಲ್ಲಿ ಕಾರ್ಡ್ ಪಂಚ್ ಮಾಡುತ್ತಿದ್ದರು. ಹಾಜರಿಗೆ ಅವರೂ ಹೆದರುತ್ತಿದ್ದರು. ಸೈರನ್ ಆದ ಮೇಲೆ ಗೇಟು ದಾಟಿದರೆ ಆಯಿತು, ಆ ಪಂಚಿಂಗ್ ಗಡಿಯಾರ ಬಸ್ಸು ಹತ್ತಿ ಹಿಂದೆ ಬರುತ್ತಿರಲಿಲ್ಲ. ರಾತ್ರಿ ಹತ್ತೂವರೆಗೆ, ಮಗುವನ್ನು ಮಲಗಿಸುವ ಹೊತ್ತಿಗೆ, ‘ಆರ್ ಯು ದೇರ್?’ ಅಂತ ಕೇಳುತ್ತಿರಲಿಲ್ಲ.

ಇಲ್ಲಿ ನನಗೆ ತಮಾಷೆ ಬರುವುದಿಲ್ಲ. ಹತ್ತೂವರೆಗೆ ಕೇಳಿದ್ದು ಬೆಳಿಗ್ಗೆ ಒಂಬತ್ತಕ್ಕೆ ಕೇಳಬಹುದಾದದ್ದು. ಕೇಳಿದವನಿಗೂ ಅದು ಗೊತ್ತು. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಕೆಲಸದ ಹೊತ್ತು ಮುಗಿದ ಮೇಲೆ ಕೈಗೆ ಸಿಗದಿರುವ ಹಕ್ಕಿಗೆ ಕಾನೂನಿದೆ. ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಮಸೂದೆ (ಸರಕಾರ ತರದೆ ಸಂಸದರೇ ತರುವಂಥದ್ದು) ತಂದರು, 2025ರ ಡಿಸೆಂಬರ್‌ನಲ್ಲಿ ಮತ್ತೆ ತಂದರು. ಖಾಸಗಿ ಮಸೂದೆಯೊಂದು ನಮ್ಮ ಸಂಸತ್ತಿನಲ್ಲಿ ಕೊನೆಯದಾಗಿ ಪಾಸಾದದ್ದು 1970ರಲ್ಲಿ. ಕರ್ನಾಟಕದಲ್ಲಿ 2024ರಲ್ಲಿ ಓಡಾಡಿದ್ದು ಐಟಿಯವರನ್ನು ದಿನಕ್ಕೆ 14 ಗಂಟೆ ದುಡಿಸಬಹುದೇ ಅನ್ನುವ ಪ್ರಸ್ತಾಪ. ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಸಾಕು.

ಹಸಿರು ಚುಕ್ಕೆ ಬರುವ ಮೊದಲು ಇ-ಮೇಲೇ ಚುಕ್ಕೆಯ ಕೆಲಸ ಮಾಡುತ್ತಿತ್ತು. ಈಗಲೂ ಮಾಡುತ್ತಿದೆ. ಒಂದು ಕಂಪನಿಯಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ‘ಶುಕ್ರವಾರ ಮೂರನೇ ಮಹಡಿಯ ಪ್ರಿಂಟರ್ ಇರುವುದಿಲ್ಲ’ ಅಂತ ಅಡ್ಮಿನ್‌ನಿಂದ ಮೇಲ್ ಬಂತು. ಒಬ್ಬ ‘ನೋಟೆಡ್’ ಅಂದ, ಎಲ್ಲರಿಗೂ. ಇನ್ನೊಬ್ಬ ‘ನೋಟೆಡ್ ವಿತ್ ಥ್ಯಾಂಕ್ಸ್’ ಅಂದ, ಅವನ ಸಂಸ್ಕಾರ ಒಂದು ತೂಕ ಜಾಸ್ತಿ. ಮೂರನೆಯವನು ತನ್ನ ಲೀಡ್‌ನನ್ನು ‘ಫಾರ್ ವಿಸಿಬಿಲಿಟಿ’ ಅಂತ ಸಿಸಿಯಲ್ಲಿ ಸೇರಿಸಿದ. ಆ ಲೀಡ್ ಗುರುಗ್ರಾಮದವನು, ಮೂರನೇ ಮಹಡಿ ಕನಸಿನಲ್ಲೂ ಕಂಡವನಲ್ಲ. ಅವನು ‘ಇದರ ಇಂಪ್ಯಾಕ್ಟ್ ಏನು, ಯಾರು ಓನರ್?’ ಅಂತ ಕೇಳಿದ. ಅಷ್ಟಕ್ಕೆ ಅರ್ಧ ಗಂಟೆಯ ಕಾಲ್ ನಿಗದಿಯಾಯಿತು. ಶುಕ್ರವಾರಕ್ಕೆ. ಪ್ರಿಂಟರ್‌ನ ಗತಿ ಯಾರಿಗೂ ಬೇಕಿರಲಿಲ್ಲ. ‘ನಾನು ಇದ್ದೇನೆ, ಎಚ್ಚರವಾಗಿದ್ದೇನೆ, ದೊಡ್ಡವರು ಗಮನಿಸಬೇಕು’ ಅನ್ನುವುದಷ್ಟೇ ಎಲ್ಲರ ನಿವೇದನೆ.

ನಾವೊಬ್ಬರೇ ಹೀಗೆ ಅಂತ ಕೀಳರಿಮೆ ಬೇಡ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ 2016ರ ನವೆಂಬರ್‌ನಲ್ಲಿ ಯಾರೋ ಕಳಿಸಿದ ಒಂದು ಟೆಸ್ಟ್ ಮೇಲ್ ಸುಮಾರು 8.4 ಲಕ್ಷ ಜನರ ಇಡೀ ಪಟ್ಟಿಗೆ ಹೋಯಿತು. ಆಮೇಲೆ ‘ದಯವಿಟ್ಟು ರಿಪ್ಲೈ ಆಲ್ ಮಾಡಬೇಡಿ’ ಅಂತ ಬುದ್ಧಿವಂತರು ರಿಪ್ಲೈ ಆಲ್ ಮಾಡಿದರು. ಇಡೀ ವ್ಯವಸ್ಥೆ ತೆವಳತೊಡಗಿತು. ಮೈಕ್ರೋಸಾಫ್ಟ್ ಒಳಗೇ 1997ರಲ್ಲಿ ಇಂಥದ್ದೇ ಆಗಿ ಅವರದೇ ಮೇಲ್ ಸರ್ವರುಗಳು ಮಗುಚಿಕೊಂಡಿದ್ದವು.

ಇ-ಮೇಲನ್ನು ಕೊಲ್ಲಲು ಹೊರಟವರ ಕತೆ ಇನ್ನೂ ಚೆನ್ನ. ಫ್ರಾನ್ಸಿನ ಆಟೋಸ್ ಕಂಪನಿಯ ಮುಖ್ಯಸ್ಥ ಥಿಯರಿ ಬ್ರೆಟನ್ 2011ರಲ್ಲಿ, ನಮ್ಮ ಕಂಪನಿಯೊಳಗೆ ಇ-ಮೇಲೇ ಇಲ್ಲದ ಹಾಗೆ ಮಾಡುತ್ತೇನೆ ಅಂತ ಘೋಷಿಸಿದರು. ಇ-ಮೇಲ್ ಕಮ್ಮಿಯಾಯಿತು, ಸಾಯಲಿಲ್ಲ. ಗೂಗಲ್‌ನವರು 2009ರಲ್ಲಿ ಮೇಲ್, ಚಾಟ್ ಎರಡನ್ನೂ ಬೆರೆಸಿ ‘ವೇವ್’ ಅಂತ ತಂದರು. ಒಬ್ಬ ಅಕ್ಷರ ಟೈಪ್ ಮಾಡುವಾಗಲೇ ಇನ್ನೊಬ್ಬನಿಗೆ ಕಾಣುತ್ತಿತ್ತು, ಬೈದು ಅಳಿಸಿದ್ದೂ ಸೇರಿ. ಮರುವರ್ಷವೇ ಕೈಬಿಟ್ಟರು. ಸ್ಲಾಕ್‌ನವರು 2016ರಲ್ಲಿ, ಟೀಮ್ಸ್ ಘೋಷಣೆಯಾದ ದಿನ, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು ಮೈಕ್ರೋಸಾಫ್ಟ್‌ಗೆ ಸ್ವಾಗತ ಕೋರಿದರು, ಸ್ಪರ್ಧೆ ಬಂದದ್ದು ಸಂತೋಷ ಅಂದರು. 2020ರಲ್ಲಿ ಅದೇ ಸಂತೋಷ ತಡೆಯಲಾರದೆ ಯುರೋಪಿಯನ್ ಕಮಿಷನ್‌ಗೆ ಹೋಗಿ ಮೈಕ್ರೋಸಾಫ್ಟ್ ಮೇಲೆ ದೂರು ಕೊಟ್ಟರು. ಇವರೆಲ್ಲರ ಆಟದ ನಡುವೆ, 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿದ ಇ-ಮೇಲ್ ಆರಾಮಾಗಿದೆ. ಸ್ಲಾಕ್‌ನಲ್ಲಿ ನಿಮಗೆ ಮೆಸೇಜ್ ಬಂದಿದೆ ಅಂತ ತಿಳಿಸುವುದೂ ಅದೇ ಇ-ಮೇಲು.

ಈ ಎಲ್ಲದರ ಲೆಕ್ಕ ಇಟ್ಟವರು ಯಾರು ಗೊತ್ತಾ? ಸಾಕ್ಷಾತ್ ಮೈಕ್ರೋಸಾಫ್ಟ್. 2025ರ ಅವರದೇ ವರದಿಯ ಪ್ರಕಾರ ಸರಾಸರಿ ನೌಕರನಿಗೆ ದಿನಕ್ಕೆ 117 ಇ-ಮೇಲ್ ಮತ್ತು 153 ಟೀಮ್ಸ್ ಮೆಸೇಜು ಬರುತ್ತವೆ. ಕೆಲಸದ ಹೊತ್ತಿನಲ್ಲಿ ಎರಡು ನಿಮಿಷಕ್ಕೊಂದು ಅಡ್ಡಿ. ಔಟ್‌ಲುಕ್ ಮಾಡಿದವರು, ಟೀಮ್ಸ್ ಮಾಡಿದವರು, ಅದರ ‘ಟಣ್’ ಶಬ್ದ ಮಾಡಿದವರು, ಕೊನೆಗೆ ಗಲ್ಲದ ಮೇಲೆ ಕೈಯಿಟ್ಟು ‘ಪಾಪ, ಜನಕ್ಕೆ ಪುರುಸೊತ್ತೇ ಇಲ್ಲ’ ಅನ್ನುತ್ತಿದ್ದಾರೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂದರೆ ಇದೇ. ತೊಟ್ಟಿಲಿನ ಹೆಸರು ಕೋಪೈಲಟ್, ಅವರದೇ ಎಐ ಸಹಾಯಕ, ಬಾಡಿಗೆ ಬೇರೆ.

ಕೋಪೈಲಟ್ ಏನು ಮಾಡುತ್ತದೆ? ನನ್ನ ಕ್ಲೈಂಟ್ ಒಬ್ಬರು ‘ಬಜೆಟ್ ಸಾಲದು, ಮುಂದಿನ ತಿಂಗಳು ನೋಡೋಣ’ ಅಂತ ಅದಕ್ಕೆ ಹೇಳುತ್ತಾರೆ. ಅದು ನಾಲ್ಕು ಪ್ಯಾರಾ ಮೇಲ್ ಬರೆಯುತ್ತದೆ, ‘ತಮ್ಮ ಅಮೂಲ್ಯ ಸಹಕಾರಕ್ಕೆ’ ಅಂತೆಲ್ಲ. ಆ ಕಡೆಯವರಿಗೆ ಓದಲು ಬೇಜಾರು, ತಮ್ಮ ಕೋಪೈಲಟ್‌ಗೆ ಕೊಡುತ್ತಾರೆ. ಅದು ‘ಬಜೆಟ್ ಸಾಲದು, ಮುಂದಿನ ತಿಂಗಳು’ ಅಂತ ಒಂದು ಸಾಲಿಗೆ ಇಳಿಸುತ್ತದೆ. ಉಬ್ಬಿಸುವುದಕ್ಕೂ ತಗ್ಗಿಸುವುದಕ್ಕೂ ಎರಡೂ ಕಡೆಯಿಂದ ತಿಂಗಳ ಶುಲ್ಕ. ನಾನು ಇಷ್ಟು ವರ್ಷ ಕನ್ಸಲ್ಟಿಂಗ್ ಮಾಡಿದರೂ ಇಂಥ ಬಿಸಿನೆಸ್ ಹೊಳೆಯಲಿಲ್ಲ.

ಮೊನ್ನೆ ಇದೇ ಕ್ಲೈಂಟ್ ಕರೆದು ಗಂಭೀರವಾಗಿ ಹೇಳಿದರು, ‘ಸಾರ್, ನಮ್ಮಲ್ಲಿ ಟೂಲ್‌ಗಳು ಜಾಸ್ತಿಯಾಗಿವೆ. ಕಮ್ಮಿ ಮಾಡಬೇಕು. ಅದಕ್ಕೆ ಒಳ್ಳೆ ಟೂಲ್ ಒಂದು ಹೇಳಿ.’ ಚುಕ್ಕೆ ನೋಡಿ ಜನರನ್ನು ಅಳೆಯುವುದು ಬಿಡಿ, ರಾತ್ರಿ ನೋಟಿಫಿಕೇಶನ್ ನಿಲ್ಲಿಸಿ, ಎಲ್ಲರಿಗೂ ಹೋಗುವ ಮೇಲ್ ಪಟ್ಟಿಗೆ ಬೀಗ ಹಾಕಿ, ಮೂರಕ್ಕೂ ಹೊಸ ಟೂಲ್ ಬೇಡ, ಪೈಸೆ ಖರ್ಚಿಲ್ಲ ಅಂದೆ. ಅವರ ಮುಖ ಸಪ್ಪಗಾಯಿತು. ಖರ್ಚಿಲ್ಲದ ಸಲಹೆಯನ್ನು ಸ್ಲೈಡ್‌ನಲ್ಲಿ ಹಾಕಿ ಮೇಲಿನವರಿಗೆ ತೋರಿಸುವುದು ಕಷ್ಟವಂತೆ. ಇದನ್ನು ಚರ್ಚಿಸಲು ಸೋಮವಾರ ಒಂದು ಕಾಲ್ ಇಟ್ಟಿದ್ದಾರೆ. ಆಹ್ವಾನ ಔಟ್‌ಲುಕ್‌ನಲ್ಲಿ ಬಂದಿದೆ, ಸ್ಲಾಕ್‌ನಲ್ಲಿ ಬಂದಿದೆ, ವಾಟ್ಸಾಪ್‌ನಲ್ಲೂ ಬಂದಿದೆ. ಮೂರರಲ್ಲೂ ಟೈಮು ಬೇರೆ ಬೇರೆ.